ಪುಣೆ ಸುತ್ತ ಹೋಳಿ–ಯುಗಾದಿ ಹೊತ್ತಲ್ಲಿ ಗುಡ್ಡ ಹತ್ತುವವರು ಯಾರಿದ್ದೀರಿ? ಬೆಳಿಗ್ಗೆ ಹೋಗಿ ಮಧ್ಯಾಹ್ನಕ್ಕೆ ಮನೆ ಸೇರುವಂಥದ್ದು ಹೇಳಿ

ಹಿಂಜವಡಿ ಹೈದ

ಎಲ್ಲರಿಗೂ ನಮಸ್ಕಾರ. ಪುಣೆಗೆ ಬಂದು ಒಂದೂವರೆ ವರ್ಷ ಆಯ್ತು. ಊರು ಹಾವೇರಿ ಕಡೆ. ಮಳೆಗಾಲದಲ್ಲಿ ಆಫೀಸಿನವರ ಜೊತೆ ಎರಡು ಸಲ ಗುಡ್ಡ ಹತ್ತಿದ್ದೆ. ಗುಡ್ಡ ಹತ್ತಿದ್ದೆ ಅನ್ನೋದಕ್ಕಿಂತ ಜನರ ಬೆನ್ನು ಹತ್ತಿದ್ದೆ ಅನ್ನಬೇಕು. ಮುಂದಿನವರ ಬ್ಯಾಗು, ಮಂಜು, ಕೆಸರು ಬಿಟ್ಟರೆ ಏನೂ ಕಾಣಲಿಲ್ಲ.

ಮಳೆ ಮುಗಿದ ಮೇಲೆ ಹೋದರೆ ಜನ ಕಮ್ಮಿ ಇರುತ್ತಾರೆ ಅಂತ ಹೋದ ಭಾನುವಾರ ದುಡ್ಡು ಕಟ್ಟಿಸಿಕೊಂಡು ಕರೆದೊಯ್ಯುವ ಒಂದು ತಂಡದ ಜೊತೆ ಹೊರಟೆ. ಹೆಸರು ಬೇಡ. ಐದೂವರೆಗೆ ಬಸ್ಸು ಅಂದಿದ್ದರು, ಬಿಟ್ಟಿದ್ದು ಏಳೂಕಾಲಿಗೆ. ದಾರಿಯಲ್ಲಿ ಮಿಸಳ್ ತಿನ್ನೋಕೆ ಮುಕ್ಕಾಲು ಗಂಟೆ. ಗುಡ್ಡದ ಬುಡ ಮುಟ್ಟಿದಾಗ ಒಂಬತ್ತೂವರೆ. ನಾವು 54 ಜನ, ಮುಂದೊಬ್ಬ ಹಿಂದೊಬ್ಬ ಲೀಡರ್. ಹನ್ನೊಂದರ ಹೊತ್ತಿಗೆ ನನ್ನ ಒಂದು ಲೀಟರ್ ನೀರು ಖಾಲಿ. ನನ್ನ ರೂಮ್‌ಮೇಟ್‌ಗೆ ಕಣ್ಣು ಕತ್ತಲೆ ಬಂತು. ಒಂದು ಬಂಡೆಯ ಮಗ್ಗುಲಲ್ಲಿ ಮೊಣಕಾಲಷ್ಟು ನೆರಳಿತ್ತು, ಅವನ ತಲೆ ಮಾತ್ರ ಅದರೊಳಗೆ ಬರೋ ಹಾಗೆ ಮಲಗಿಸಿದೆ, ಕಾಲು ಬಿಸಿಲಲ್ಲೇ. ಎಲ್ಲರಿಗಿಂತ ಹಿಂದೆ ಬರಬೇಕಾದ ಲೀಡರ್ ಅಷ್ಟರಲ್ಲಿ ನಮ್ಮನ್ನು ದಾಟಿ ಮೇಲೆ ಹೋಗಿಬಿಟ್ಟಿದ್ದ. ಕೊನೆಗೆ ಎಮ್ಮೆ ಕಾಯುವ ಅಜ್ಜ ಒಬ್ಬರು ತಮ್ಮ ಬಾಟಲಿ ಕೊಟ್ಟರು. ಅವರಿಗೂ ಅಷ್ಟೇ ನೀರು ಇದ್ದದ್ದು. ನಾಚಿಕೆ ಆಯ್ತು.

ಈಗ ಪ್ರಶ್ನೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಇಲ್ಲಿ ಗುಡ್ಡ ಹತ್ತುವುದು ಸರಿಯಾ? ಸರಿ ಅಂದರೆ ಎಲ್ಲಿಗೆ, ಯಾರ ಜೊತೆ? ನಾವು ನಾಲ್ಕೈದು ಜನ ಇದ್ದೇವೆ, ಎಲ್ಲ ಹೊಸಬರೇ.


ವಿಜಯಪುರದ ಕಾಕಾ

ತಮ್ಮಾ, ರೂಮ್‌ಮೇಟ್ ಈಗ ಹೇಗಿದ್ದಾನೆ? ಮೊದಲು ಅದನ್ನು ಹೇಳು.

ಗುಡ್ಡದ ತಪ್ಪಲ್ಲ, ಗಡಿಯಾರದ ತಪ್ಪು. ನಾನು ಬ್ಯಾಂಕಿನ ಕೆಲಸಕ್ಕೆ ಪುಣೆಗೆ ಬಂದು ಇಲ್ಲೇ ನಿವೃತ್ತನಾದವ. ಮಾರ್ಚ್‌ನಲ್ಲೂ ಹತ್ತುತ್ತೇನೆ, ಏಪ್ರಿಲ್‌ನಲ್ಲೂ ಹತ್ತುತ್ತೇನೆ. ನನ್ನ ಲೆಕ್ಕ ಒಂದೇ. ಸೂರ್ಯ ಹುಟ್ಟುವಾಗ ಅರ್ಧ ಗುಡ್ಡದಲ್ಲಿ ಇರಬೇಕು, ಹತ್ತು ಗಂಟೆಗೆ ಕೆಳಗೆ ಚಹಾ ಕುಡಿಯುತ್ತಿರಬೇಕು. ಇದಕ್ಕೆ ಒಪ್ಪದ ತಂಡ ಬಿಟ್ಟಿ ಕರೆದರೂ ಹೋಗಬೇಡ.

ಸಿಂಹಗಡ ಕೋಟೆಯಿಂದ ಶುರು ಮಾಡು. ಎಲ್ಲರೂ ಹೋಗುವ ಜಾಗ ಅಂತ ಮೂಗು ಮುರಿಯಬೇಡ, ಹೊಸಬರಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. 50 ನಂಬರ್ ಸಿಟಿ ಬಸ್ಸು ಸೀದಾ ಬುಡಕ್ಕೆ ಬಿಡುತ್ತದೆ. ಬಸ್ಸಿನ ಬೋರ್ಡಿನಲ್ಲಿ ಸಿಂಹಗಡ ಪಾಯಥಾ ಅಂತ ಇರುತ್ತದೆ, ಪಾಯಥಾ ಅಂದರೆ ಗುಡ್ಡದ ಬುಡ. ಅತಕರವಾಡಿಯಿಂದ ಕಾಲುದಾರಿ. ಮೂರು ಕಿಲೋಮೀಟರ್ ಒಳಗೇ ಇದೆ, ಆದರೆ ಏರು ಸುಮಾರು 600 ಮೀಟರ್, ಕಾಲು ಹಿಡಿದುಕೊಳ್ಳುತ್ತದೆ. ದಾರಿಯುದ್ದಕ್ಕೂ ಹಳ್ಳಿ ಹೆಂಗಸರು ಮಜ್ಜಿಗೆ, ಲಿಂಬು ಶರಬತ್ತು, ಉಪ್ಪು ಖಾರ ಹಚ್ಚಿದ ಸೌತೆಕಾಯಿ ಇಟ್ಟುಕೊಂಡು ಕೂತಿರುತ್ತಾರೆ. ಯಾರಿಗಾದರೂ ಆಗಲಿಲ್ಲ ಅಂದರೆ ಅಲ್ಲೇ ಕೂರಬಹುದು. ಮೇಲಿನ ತನಕ ಡಾಂಬರು ರಸ್ತೆಯೂ ಇದೆ.

ಇನ್ನೊಂದು. ಮಳೆಗಾಲದಲ್ಲಿ ಈ ಗುಡ್ಡಗಳ ಮೈ ಕಾಣುವುದೇ ಇಲ್ಲ. ಈಗ ಹುಲ್ಲು ಒಣಗಿದೆ, ನೋಡು. ಒಂದು ಪದರ ಕಡಿದಾದ ಕಪ್ಪು ಬಂಡೆ, ಅದರ ಕೆಳಗೆ ಒಂದು ಪದರ ಇಳಿಜಾರು, ಮತ್ತೆ ಬಂಡೆ, ಮತ್ತೆ ಇಳಿಜಾರು. ನಮ್ಮ ಮನೆಯಲ್ಲಿ ಹಬ್ಬಕ್ಕೆ ರೊಟ್ಟಿ ಬಡಿದು ಪೇರಿಸಿ ಇಡುತ್ತಿದ್ದರಲ್ಲ, ಥೇಟ್ ಹಾಗೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಲಾವಾ ಒಂದರ ಮೇಲೊಂದು ಹರಿದು ಗಟ್ಟಿಯಾದದ್ದು ಇದು. ಗೋಳಗುಮ್ಮಟದ ಕಪ್ಪು ಕಲ್ಲೂ ಇದೇ ಜಾತಿ. ಅದಕ್ಕೇ ಇರಬೇಕು, ನನಗೆ ಇಲ್ಲಿ ಪರಊರು ಅನ್ನಿಸಿದ್ದೇ ಇಲ್ಲ.


ಕುಂದಾಪುರದ ಮಾಣಿ

ಕಾಕಾ ಏನೇ ಹೇಳಲಿ, ನಾನು ಒಪ್ಪುವುದಿಲ್ಲ ಮಾರಾಯ್ರೇ. ಇಲ್ಲಿ ವಸಂತ ಅಂದರೆ ಒಣ ಹುಲ್ಲು, ಧೂಳು, ಜಾರುವ ಮಣ್ಣು. ನಮ್ಮ ಕೊಡಚಾದ್ರಿ ಏಪ್ರಿಲ್‌ನಲ್ಲೂ ಹಸಿರು. ಇಲ್ಲಿ ಮಾರ್ಚ್ ಬಂತು ಅಂದರೆ ಗುಡ್ಡ ಬೋಳು ತಲೆ ಆಗಿರುತ್ತದೆ. ಒಂದು ಸಲ ಇಳಿಯುವಾಗ ಪ್ಯಾಂಟಿನ ಹಿಂಭಾಗ ಪೂರ್ತಿ ಹರಿದು, ಸೊಂಟಕ್ಕೆ ಟವಲ್ ಸುತ್ತಿಕೊಂಡು ಲೋಕಲ್ ರೈಲಿನಲ್ಲಿ ಬಂದಿದ್ದೇನೆ. ಯಾರೂ ಸೀಟು ಬಿಟ್ಟುಕೊಡಲಿಲ್ಲ, ಆದರೆ ಎಲ್ಲರೂ ಜಾಗ ಬಿಟ್ಟರು.

ಜೂನ್ ತನಕ ಹೋಟೆಲಲ್ಲಿ ಕೂತು ಕಾಪಿ ಕುಡೀರಿ.


ಕೊಥ್ರೂಡಿನ ಅಕ್ಕ

ಮಾಣಿ, ಬೋಳು ತಲೆ ಅಂದಿರಲ್ಲ, ಬೋಳು ಕೊಂಬೆಯಲ್ಲೇ ಹೂ ಬಿಡುವುದು ಈಗ. ಅದನ್ನು ನೋಡೋಕೆ ದೂರ ಹೋಗುವುದೂ ಬೇಡ. ವೇತಾಳ ಟೇಕಡಿಗೆ ಬನ್ನಿ. ಟೇಕಡಿ ಅಂದರೆ ಚಿಕ್ಕ ಗುಡ್ಡ. ಊರ ನಡುವೆ ಇದೆ, ಸುಮಾರು 800 ಮೀಟರ್ ಎತ್ತರ, ಪುಣೆ ನಗರದೊಳಗೆ ಇದಕ್ಕಿಂತ ಎತ್ತರದ ಜಾಗ ಇಲ್ಲ. ಫೆಬ್ರುವರಿ ಕೊನೆಗೆ ಇಡೀ ಇಳಿಜಾರು ತಿಳಿ ಗುಲಾಬಿ ಬಣ್ಣ. ಮೊದಲ ವರ್ಷ ನೋಡಿದಾಗ ಯಾವುದೋ ವಿದೇಶದ ಫೋಟೋ ಇದ್ದ ಹಾಗೆ ಇದೆ ಅಂತ ಅಮ್ಮನಿಗೆ ಕಳಿಸಿದೆ. ಅಮ್ಮ ನೋಡಿ, ಅಯ್ಯೋ ಅದು ನಮ್ಮ ಗೊಬ್ಬರದ ಗಿಡ ಕಣೇ, ಬೇಲಿಗೆ ಹಾಕ್ತೀವಲ್ಲ ಅಂದರು. ಹೌದು, ಗ್ಲಿರಿಸಿಡಿಯಾ. ಮೂಲ ಮೆಕ್ಸಿಕೋ ಕಡೆಯದು. ಬೇಗ ಬೆಳೆಯುತ್ತದೆ, ದನ ತಿನ್ನುವುದಿಲ್ಲ ಅಂತ ಇಲ್ಲಿನ ಗುಡ್ಡಗಳಿಗೆಲ್ಲ ನೆಟ್ಟುಬಿಟ್ಟಿದ್ದಾರೆ.

ನಮ್ಮದೊಂದು ಬೆಳಗಿನ ಗುಂಪಿದೆ. ಗುಂಪು ಅಂದರೆ ಹೆಸರಿಲ್ಲ, ಫೀ ಇಲ್ಲ, ಟೀಶರ್ಟು ಇಲ್ಲ. ಆರು ಗಂಟೆಗೆ ಯಾರು ಬರುತ್ತಾರೋ ಅವರು. ಮರಾಠಿಯವರು ಜಾಸ್ತಿ, ಕನ್ನಡದವರು ಮೂವರು. ದಿನಾ ಒಂದೇ ದಾರಿ. ಹಳೆಯ ಕಲ್ಲು ಕ್ವಾರಿಯ ಹತ್ತಿರ ನವಿಲು ಕೂಗುತ್ತವೆ, ಕುಟ್ರು ಹಕ್ಕಿ ಟುಕ್ ಟುಕ್ ಅಂತ ಕಂಚುಗಾರನ ಥರ ಬಡಿಯುತ್ತಲೇ ಇರುತ್ತದೆ. ಈ ಟೇಕಡಿ ಕೊರೆದು ರಸ್ತೆ ಮಾಡುತ್ತಾರೆ ಅಂತ ಸುದ್ದಿ ಬಂದಾಗ, 2023ರ ಏಪ್ರಿಲ್‌ನಲ್ಲಿ, ಜನ ಬಿಸಿಲಲ್ಲಿ ಮೆರವಣಿಗೆ ಮಾಡಿದರು. ನಾನು ಮೊದಲ ಸಲ ಬೋರ್ಡು ಹಿಡಿದು ನಡೆದದ್ದು ಅಂದೇ. ಮರಾಠಿಯಲ್ಲಿ ಬರೆದಿದ್ದೆ, ಎರಡು ಕಾಗುಣಿತ ತಪ್ಪಿತ್ತು, ಯಾರೂ ಏನೂ ಅನ್ನಲಿಲ್ಲ.

ಹೈದಾ, ಮೊದಲು ಒಂದು ತಿಂಗಳು ಟೇಕಡಿ ಹತ್ತಿ. ಆಮೇಲೆ ಕೋಟೆ.


ಎಲೆ ಕೀಳಬೇಡಿ

ಅಕ್ಕಾ, ಗ್ಲಿರಿಸಿಡಿಯಾ ಚೆಂದ ಹೌದು. ಆದರೆ ಅದರ ಕೆಳಗೆ ಊರಿನ ಗಿಡ ಬೆಳೆಯುವುದು ಕಷ್ಟ. ಅದಕ್ಕೆ ಇಲ್ಲಿ ಗಿಡಮರ ಬಲ್ಲವರು ಅದನ್ನು ಕಂಡರೆ ಮುಖ ಗಂಟು ಹಾಕುತ್ತಾರೆ. ನಾನೂ ಹಾಕುತ್ತೇನೆ, ಫೋಟೋ ತೆಗೆದ ಮೇಲೆ.

ಈ ನೆಲದ್ದೇ ಹೂ ನೋಡಬೇಕಾದರೆ ಮುತ್ತುಗ, ಹಾಲುವಾಣ, ಬೂರುಗ. ಮೂರೂ ಕೆಂಪು ಬಳಗ, ಮೂರೂ ಎಲೆ ಉದುರಿಸಿಕೊಂಡು ಹೂ ಬಿಡುವವು. ಇಲ್ಲಿಯವರು ಪಳಸ, ಪಾಂಗಾರಾ, ಸಾವರ ಅನ್ನುತ್ತಾರೆ. ಬೂರುಗದ ಹೂ ಅಂಗೈ ತುಂಬುವಷ್ಟು ದಪ್ಪ, ಬಿದ್ದರೆ ಧೊಪ್ ಅಂತ ಸದ್ದಾಗುತ್ತದೆ. ಒಂದು ಮರದ ಕೆಳಗೆ ಹದಿನೈದು ನಿಮಿಷ ಸುಮ್ನೆ ಕೂತರೆ ಸಾಕು, ಮೈನಾ, ಕಾಗೆ, ಅಳಿಲು ಎಲ್ಲ ಮಕರಂದಕ್ಕೆ ಬರುತ್ತವೆ. ಒಂದು ಕಾಗೆ ಮುಖಕ್ಕೆ ಹಳದಿ ಪುಡಿ ಮೆತ್ತಿಕೊಂಡು, ಮದುವೆ ಮನೆಯಿಂದ ಅರಿಶಿನ ಹಚ್ಚಿಸಿಕೊಂಡು ಬಂದವರ ಹಾಗೆ ನನ್ನನ್ನೇ ನೋಡುತ್ತಿತ್ತು.

ಏಪ್ರಿಲ್ ಕೊನೆಗೆ ಕವಳಿ ಹಣ್ಣು ಶುರು. ಇಲ್ಲಿ ಕರವಂದ ಅನ್ನುತ್ತಾರೆ. ಕೋಟೆ ದಾರಿಯಲ್ಲಿ ಎಲೆಯ ದೊನ್ನೆಯಲ್ಲಿ ಮಾರುತ್ತಾರೆ. ಬಿಳಿ ಅಂಗಿ ಹಾಕಿಕೊಂಡು ತಿನ್ನಬೇಡಿ, ಅಷ್ಟೇ.


ಧಾರವಾಡ ಪೇಢೆ

ಹೂವಿನ ಮಾತು ಬಂತು, ಹಾಗಾದರೆ ಹೆಜ್ಜೇನಿನ ಮಾತೂ ಬರಲಿ. ಹೂ ಇದ್ದಲ್ಲಿ ಅವು ಇರುತ್ತವೆ. ಕೋಟೆಯ ಬಂಡೆ ಕೆಳಗೆ, ಬುರುಜಿನ ಕಮಾನಿನಲ್ಲಿ ಗೂಡು ಕಟ್ಟುತ್ತವೆ. ಇಲ್ಲಿನ ಕೋಟೆಗಳಲ್ಲಿ ಜೇನು ಎದ್ದು ಜನರಿಗೆ ಕಚ್ಚಿದ ಸುದ್ದಿ ವರ್ಷಾ ವರ್ಷಾ ಈ ಹೊತ್ತಲ್ಲೇ ಬರುತ್ತದೆ.

ನನ್ನ ಕಥೆ ಹೇಳುತ್ತೇನೆ. ನಾವು ಆರು ಜನ, ಒಂದು ಬಾಗಿಲಿನ ನೆರಳಲ್ಲಿ ರೊಟ್ಟಿ ಬಿಚ್ಚಿಕೊಂಡು ಕೂತಿದ್ದೆವು. ಪಕ್ಕದ ಗುಂಪಿನ ಹುಡುಗ ಸಿಗರೇಟು ಹಚ್ಚಿದ. ಇನ್ನೊಬ್ಬ ಮೈಗೆ ಸೆಂಟು ಹೊಡೆದುಕೊಂಡ, ಫೋಟೋಗೆ ಸೆಂಟು ಯಾಕೆ ಬೇಕೋ ದೇವರೇ ಬಲ್ಲ. ಎರಡು ನಿಮಿಷಕ್ಕೆ ಮೇಲಿಂದ ಗುಂಯ್ ಅಂತ ಸದ್ದು. ತಲೆ ಎತ್ತಿ ನೋಡಿದರೆ ಬಂಡೆಗೆ ಅಂಟಿದ್ದ ಕಪ್ಪು ಗೂಡು ಅಲೆ ಅಲೆಯಾಗಿ ಅಲ್ಲಾಡುತ್ತಿತ್ತು. ಅದು ಹುಷಾರ್ ಅಂತ ಹೇಳುವ ಭಾಷೆಯಂತೆ. ನಮ್ಮಲ್ಲಿ ಹಿರಿಯರೊಬ್ಬರಿದ್ದರು, ಕೈ ಬೀಸಬೇಡಿ, ಕೂಗಬೇಡಿ, ಮುಖ ಮುಚ್ಚಿಕೊಂಡು ನಡೀರಿ ಅಂದರು. ರೊಟ್ಟಿ, ಶೇಂಗಾ ಚಟ್ನಿ, ಡಬ್ಬಿ ಎಲ್ಲ ಅಲ್ಲೇ ಬಿಟ್ಟು ನಡೆದೆವು. ನನಗೆ ಎರಡೇ ಕಡಿತ. ಆ ಹುಡುಗ ಕೈ ಬೀಸುತ್ತಾ ಓಡಿದ, ಎಷ್ಟು ಕಚ್ಚಿದವೋ ಎಣಿಸಲಿಲ್ಲ, ಮುಖ ಗುರುತು ಸಿಗದಷ್ಟು ಬಾತಿತ್ತು. ಒಂದು ಜೇನು ಕಚ್ಚಿದರೆ ಆ ಜಾಗದಿಂದ ಬರುವ ವಾಸನೆಗೆ ಉಳಿದವೂ ಅಲ್ಲಿಗೇ ಬರುತ್ತವೆ, ಅದಕ್ಕೇ ಅಲ್ಲಿ ನಿಲ್ಲಬಾರದು, ದೂರ ಹೋಗಬೇಕು. ಮುಳ್ಳು ಬೇಗ ಕೆರೆದು ತೆಗೆಯಬೇಕು. ಉಸಿರಾಟ ಕಷ್ಟವಾದರೆ ತಡ ಮಾಡದೆ 112ಕ್ಕೆ ಫೋನ್.

ಒಂದು ಗಂಟೆ ಬಿಟ್ಟು ಡಬ್ಬಿ ತರಲು ಹೋದರೆ ಕೋತಿ ರೊಟ್ಟಿ ತಿಂದು ಮುಗಿಸಿತ್ತು. ಚಟ್ನಿ ಮುಟ್ಟಿರಲಿಲ್ಲ. ಖಾರ ನಮ್ಮ ಅವ್ವನ ಕೈದು.


ಹಿಂಜವಡಿ ಹೈದ

ಕಾಕಾ, ರೂಮ್‌ಮೇಟ್ ಆರಾಮಾಗಿದ್ದಾನೆ. ಓಆರ್‌ಎಸ್ ಕುಡಿದು ಒಂದು ದಿನ ಮಲಗಿದ.

ಇನ್ನೆರಡು ಪ್ರಶ್ನೆ. ನೀರು ಎಷ್ಟು ಬೇಕು? ಶೂ ಯಾವುದು? ಮತ್ತೆ ಮೇಲೆ ಹೋದಷ್ಟು ತಂಪು ಅಂತಾರಲ್ಲ, ಹಾಗಾದರೆ ಗುಡ್ಡದ ಮೇಲೆ ಬಿಸಿಲು ಕಮ್ಮಿ ಇರಬೇಕಲ್ವಾ?


ವಿಜಯಪುರದ ಕಾಕಾ

ಎರಡು ಅಂತ ಹೇಳಿ ಮೂರು ಕೇಳಿದೆ. ಇರಲಿ.

ಒಂದು ಕಿಲೋಮೀಟರ್ ಮೇಲೆ ಹೋದರೆ ಗಾಳಿ ಆರೇಳು ಡಿಗ್ರಿ ತಂಪಾಗುತ್ತದೆ. ಪುಣೆ 560 ಮೀಟರ್ ಆಸುಪಾಸು, ಸಿಂಹಗಡ 1300 ದಾಟುತ್ತದೆ. ಅಂದರೆ ನಾಲ್ಕೈದು ಡಿಗ್ರಿ ವ್ಯತ್ಯಾಸ. ಕೇಳೋಕೆ ಚೆನ್ನಾಗಿದೆ. ಆದರೆ ಅದು ಗಾಳಿಯ ಲೆಕ್ಕ. ಕಪ್ಪು ಬಂಡೆ ಹತ್ತು ಗಂಟೆಗೇ ಹಂಚಿನ ಹಾಗೆ ಕಾದಿರುತ್ತದೆ, ನೆರಳು ಇರುವುದಿಲ್ಲ. ಏಪ್ರಿಲ್‌ನಲ್ಲಿ ಊರಲ್ಲೇ 38, 40 ಮುಟ್ಟುತ್ತದೆ. ಮೋಸ ಹೋಗಬೇಡ.

ನೀರು ಒಬ್ಬರಿಗೆ ಮೂರು ಲೀಟರ್. ಭಾರ ಅನ್ನಿಸಿದರೆ ಬೇರೆ ಏನಾದರೂ ಬಿಡು, ನೀರು ಬಿಡಬೇಡ. ಕೋಟೆ ಮೇಲೆ ಬಂಡೆ ಕೊರೆದ ತೊಟ್ಟಿಗಳು ಇರುತ್ತವೆ, ಟಾಕೆ ಅನ್ನುತ್ತಾರೆ. ಸಿಂಹಗಡದ ದೇವ ಟಾಕೆ ನೀರು ಈಗಲೂ ತಣ್ಣಗಿರುತ್ತದೆ. ಆದರೆ ಬೇಸಿಗೆಯಲ್ಲಿ ಎಲ್ಲ ಕೋಟೆಯ ತೊಟ್ಟಿ ನಂಬಿಕೊಂಡು ಹೋಗುವಂತಿಲ್ಲ.

ಶೂ ತಳ ಹಲ್ಲು ಹಲ್ಲಾಗಿರಬೇಕು. ಒಣ ಮಣ್ಣಿನ ಮೇಲೆ ಸಣ್ಣ ಕಲ್ಲು ಉರುಳುವ ದಾರಿಗೆ ಇಲ್ಲಿನವರು ಘಸಾರಾ ಅನ್ನುತ್ತಾರೆ. ಮಾಣಿ ಪ್ಯಾಂಟು ತಿಂದದ್ದು ಅದೇ. ಹತ್ತುವಾಗ ಗೊತ್ತಾಗುವುದಿಲ್ಲ, ಇಳಿಯುವಾಗ ಗೊತ್ತಾಗುತ್ತದೆ. ಹೆಜ್ಜೆ ಚಿಕ್ಕದಾಗಿ, ಮೊಣಕಾಲು ಸ್ವಲ್ಪ ಬಗ್ಗಿಸಿ, ಪಾದ ಅಡ್ಡ ಇಟ್ಟು ಇಳಿ.


ಹಿಂದಿನ ಬಾಲ

ನಾನು ಮೂರು ವರ್ಷ ದುಡ್ಡಿನ ತಂಡಗಳಲ್ಲಿ ವಾರಾಂತ್ಯದ ಲೀಡರ್ ಆಗಿದ್ದವ. ಹೆಚ್ಚಿನ ಸಲ ಎಲ್ಲರ ಹಿಂದೆ ಬರುವ ಕೆಲಸ ನನ್ನದು. ಹೈದನ ಅನುಭವ ಓದಿ ಬೇಜಾರಾಯಿತು, ಆಶ್ಚರ್ಯ ಆಗಲಿಲ್ಲ.

ಎಲ್ಲ ತಂಡಗಳೂ ಕೆಟ್ಟವಲ್ಲ. ಗಿರಿಪ್ರೇಮಿಯಂಥ ಹಳೆಯ ಕ್ಲಬ್ಬು ಈ ಊರಿನದೇ, 2012ರಲ್ಲಿ ಇಲ್ಲಿಂದ ಹೋಗಿ ಎವರೆಸ್ಟ್ ಹತ್ತಿ ಬಂದವರು. ಈ ಊರಲ್ಲಿ ಗುಡ್ಡ ಗೊತ್ತಿರುವವರಿಗೆ ಬರ ಇಲ್ಲ. ಮಹಾರಾಷ್ಟ್ರ ಸರ್ಕಾರ 2021ರಲ್ಲಿ ಸಾಹಸ ಪ್ರವಾಸೋದ್ಯಮ ನೀತಿಯನ್ನೂ ತಂದಿದೆ, ನಡೆಸುವವರು ನೋಂದಣಿ ಮಾಡಿಸಬೇಕು. ದುಡ್ಡು ಕಟ್ಟುವ ಮೊದಲು ಅದನ್ನು ಕೇಳಿ. ಎಷ್ಟು ಜನಕ್ಕೆ ಎಷ್ಟು ಲೀಡರ್, ಅವರು ಪ್ರಥಮ ಚಿಕಿತ್ಸೆ ಕಲಿತಿದ್ದಾರಾ, ಬಸ್ಸು ತಡವಾದರೆ ಕಾರ್ಯಕ್ರಮ ಬದಲಿಸುತ್ತೀರಾ, ಇಷ್ಟನ್ನೂ ಕೇಳಿ. ಕೊನೆಯ ಪ್ರಶ್ನೆಗೆ ನಗುವವರ ಜೊತೆ ಹೋಗಬೇಡಿ.

ಹಿಂದಿನ ಲೀಡರ್ ಯಾಕೆ ಮುಂದೆ ಹೋಗುತ್ತಾನೆ ಅಂತ ನಾನು ಹೇಳುತ್ತೇನೆ. ಮೇಲಿಂದ ಫೋನ್ ಬರುತ್ತದೆ. ಊಟಕ್ಕೆ ಹೇಳಿಟ್ಟಿದ್ದಾರೆ, ತಣ್ಣಗಾಗುತ್ತಿದೆ, ಬೇಗ ಕರೆದುಕೊಂಡು ಬಾ ಅಂತ. ಆಗ ನಿಧಾನ ನಡೆಯುವವರು ನಮಗೆ ಮನುಷ್ಯರ ಥರ ಕಾಣುವುದಿಲ್ಲ, ತಡ ಆಗಿ ಕಾಣುತ್ತಾರೆ. ಒಂದು ಸಲ ನಾನೂ ಹೀಗೇ ಒಬ್ಬರನ್ನು ದಾಟಿ ಹೋಗಿದ್ದೆ. ಐವತ್ತರ ಹೆಂಗಸು, ಮಗಳ ಜೊತೆ ಬಂದಿದ್ದರು. ನೀವು ಹೋಗಪ್ಪ, ನಾವು ಬರ್ತೀವಿ ಅಂದರು. ಹೋದೆ. ಅವರು ದಾರಿ ತಪ್ಪಿ ಮೂರು ಗಂಟೆ ತಡವಾಗಿ ಸಿಕ್ಕರು. ಏನೂ ಆಗಿರಲಿಲ್ಲ. ಬೈಯಲೂ ಇಲ್ಲ ಅವರು. ಆಮೇಲೆ ನಾನು ಆ ಕೆಲಸ ಬಿಟ್ಟೆ.

ಈಗ ಸ್ನೇಹಿತರ ಜೊತೆ ಮಾತ್ರ. ಎಲ್ಲರಿಗಿಂತ ನಿಧಾನ ಇರುವವರನ್ನೇ ಮುಂದೆ ಬಿಡುತ್ತೇವೆ, ಉಳಿದವರು ಅವರ ಹಿಂದೆ. ಮೊದಮೊದಲು ವೇಗದವರು ಗೊಣಗುತ್ತಾರೆ, ಆಮೇಲೆ ಹರಟೆಗೆ ಉಸಿರು ಉಳಿಯುತ್ತದೆ ಅಂತ ಗೊತ್ತಾಗಿ ಸುಮ್ಮನಾಗುತ್ತಾರೆ.


ಕುಂದಾಪುರದ ಮಾಣಿ

ಇದು ಒಳ್ಳೆಯ ಉಪಾಯ ಉಂಟು. ನನ್ನನ್ನು ಮುಂದೆ ಬಿಡುವುದಾದರೆ ನಾನೂ ಬರಬಹುದು.


ಬೀದರ್ ಭಾಭಿ

ನಾನು ಹೆಂಗಸರ ಕಡೆಯಿಂದ ಕೇಳುತ್ತೇನೆ, ಯಾರೂ ಇದನ್ನು ಬರೆಯುವುದೇ ಇಲ್ಲ. ಶೌಚಾಲಯ ಎಲ್ಲಿದೆ? ಅದೊಂದು ಕಾರಣಕ್ಕೆ ನಾನು ನೀರು ಕುಡಿಯದೆ ನಡೆದು ತಲೆನೋವು ತಂದುಕೊಂಡಿದ್ದೇನೆ. ಮೂರು ಲೀಟರ್ ಅನ್ನುವುದು ಗಂಡಸರಿಗೆ ಸುಲಭ, ಕಾಕಾ.

ಇನ್ನೊಂದು, ನಮ್ಮ ಅತ್ತೆಗೆ 63. ಬಸವಕಲ್ಯಾಣದ ಕೋಟೆ ಓಣಿಯಲ್ಲಿ ಬೆಳೆದವರು. ನಾನೂ ಕೋಟೆ ನೋಡ್ತೀನಿ ಅಂತ ಹಟ ಹಿಡಿದಿದ್ದಾರೆ. ಮೆಟ್ಟಿಲು ಇರುವ ಕೋಟೆ ಯಾವುದಾದರೂ ಇದೆಯಾ?


ಕೊಥ್ರೂಡಿನ ಅಕ್ಕ

ಭಾಭಿ, ಸರಿಯಾಗಿ ಕೇಳಿದಿರಿ. ನಾವು ಮಾಡುವುದು ಇಷ್ಟು. ರೈಲು ಹತ್ತುವ ಮೊದಲು ದೊಡ್ಡ ಸ್ಟೇಷನ್ನಿನಲ್ಲಿ ಒಂದು ಸಲ. ಆಮೇಲೆ ಬುಡದ ಹಳ್ಳಿಯಲ್ಲಿ ಯಾರ ಮನೆಯಲ್ಲಿ ಚಹಾ ಕುಡಿಯುತ್ತೇವೋ, ಅವರ ಮನೆಯಲ್ಲೇ ಕೇಳಿಬಿಡುತ್ತೇವೆ. ಇದುವರೆಗೆ ಯಾವ ಮಾವಶಿಯೂ, ಅಂದರೆ ಚಿಕ್ಕಮ್ಮನೂ, ಇಲ್ಲ ಅಂದಿಲ್ಲ. ಇಳಿದು ಬಂದ ಮೇಲೆ ಪಿಠಲ ಭಾಕರಿ ಅಲ್ಲೇ ತಿನ್ನುತ್ತೇವೆ. ಪಿಠಲ ಅಂದರೆ ನಿಮ್ಮ ಕಡಲೆಹಿಟ್ಟಿನ ಝುಣಕದ ಅಕ್ಕ, ಸ್ವಲ್ಪ ತೆಳ್ಳಗೆ.

ಅತ್ತೆಗೆ ಲೋಹಗಡ. ಪುಣೆಯಿಂದ ಲೋಣಾವಳಾ ಲೋಕಲ್ ಹಿಡಿದು ಮಳವಲಿಯಲ್ಲಿ ಇಳಿಯಿರಿ. ನಡೆಯುವವರು ಭಾಜೆ ಊರಿನ ಮೇಲಿಂದ ಹೋಗುತ್ತಾರೆ. ಅತ್ತೆಯನ್ನು ರಿಕ್ಷಾ ಅಥವಾ ಕಾರಿನಲ್ಲಿ ಲೋಹಗಡವಾಡಿವರೆಗೆ ಕಳಿಸಿ. ಅಲ್ಲಿಂದ ಮೇಲಿನವರೆಗೂ ಮೆಟ್ಟಿಲು, ನಾಲ್ಕು ದೊಡ್ಡ ಬಾಗಿಲು, ಒಂದೊಂದು ಬಾಗಿಲಿನ ನೆರಳಲ್ಲೂ ಕೂತು ದಣಿವಾರಿಸಿಕೊಳ್ಳಬಹುದು. ಮೇಲಿಂದ ಚೇಳಿನ ಬಾಲದ ಹಾಗೆ ಉದ್ದಕ್ಕೆ ಚಾಚಿದ ಬಂಡೆ ಕಾಣುತ್ತದೆ, ಅದಕ್ಕೇ ವಿಂಚೂ ಕಾಟಾ ಅಂತ ಹೆಸರು. ಅದರ ತುದಿಗೆ ಅತ್ತೆಯನ್ನು ಬಿಡಬೇಡಿ, ಅಲ್ಲಿಗೆ ಇಳಿದು ಹತ್ತಬೇಕು. 2025ರ ಜುಲೈನಲ್ಲಿ ಮರಾಠರ 12 ಕೋಟೆಗಳನ್ನು ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿದರಲ್ಲ, ಅದರಲ್ಲಿ ಲೋಹಗಡವೂ ಇದೆ. ಶಿವಾಜಿಯ ಸರದಾರ ತಾನಾಜಿ ಹೋರಾಡಿ ಸತ್ತ ಸಿಂಹಗಡ ಅದರಲ್ಲಿ ಇಲ್ಲ ಅಂತ ನಮ್ಮ ಟೇಕಡಿ ಗುಂಪಿನ ಆಜೋಬಾ, ಅಂದರೆ ಅಜ್ಜ, ಇನ್ನೂ ಸಿಟ್ಟಿನಲ್ಲಿದ್ದಾರೆ.

ಬರುವಾಗ ಶಕ್ತಿ ಉಳಿದಿದ್ದರೆ ಭಾಜೆ ಗುಹೆ. ಕ್ರಿಸ್ತಪೂರ್ವ 2ನೇ ಶತಮಾನದ್ದು, 22 ಗುಹೆ. ಒಳಗೆ ತಂಪು.


ಎಲೆ ಕೀಳಬೇಡಿ

ಒಂದು ವಿನಂತಿ. ಮಾರ್ಚ್‌ನಲ್ಲಿ ಒಣ ಹುಲ್ಲಿಗೆ ಒಂದು ಕಡ್ಡಿ ಸಾಕು. ವಣವಾ ಅನ್ನುತ್ತಾರೆ ಇಲ್ಲಿ, ನಮ್ಮ ಕಾಳ್ಗಿಚ್ಚು. ಗುಡ್ಡ ಸುಟ್ಟರೆ ಮಳೆಗೆ ಹುಲ್ಲು ಚೆನ್ನಾಗಿ ಬರುತ್ತದೆ ಅಂತ ಕೆಲವರು ಬೇಕಂತಲೇ ಹಚ್ಚುವುದೂ ಇದೆ. ಹೋದ ವರ್ಷ ನಾವು ಇಳಿಯುವಾಗ ಎದುರು ಇಳಿಜಾರು ಹೊಗೆಯಾಡುತ್ತಿತ್ತು. ಹಳ್ಳಿಯ ಹುಡುಗರ ಜೊತೆ ಹಸಿ ಕೊಂಬೆ ಮುರಿದುಕೊಂಡು ಬಡಿದೆವು. ಬೆಂಕಿಗಿಂತ ಅದರ ಸದ್ದಿಗೆ ಹೆದರಿಕೆ ಆಗುತ್ತದೆ. ಆರಿದ ಮೇಲೆ ಬೂದಿಯಲ್ಲಿ ಒಂದು ಗೂಡು ಸಿಕ್ಕಿತು, ನೆಲದ ಮೇಲೆ ಕಟ್ಟಿದ್ದು, ಮೂರು ಮೊಟ್ಟೆ, ಬೆಂದು ಹೋಗಿದ್ದವು. ಸಿಗರೇಟು, ಒಲೆ, ಬಾರ್ಬೆಕ್ಯೂ ದಯವಿಟ್ಟು ಬೇಡ. ಬ್ಲೂಟೂತ್ ಸ್ಪೀಕರೂ ಬೇಡ, ಅದಕ್ಕೆ ಕಾರಣ ಹೇಳಬೇಕಾ?


ಹಿಂಜವಡಿ ಹೈದ

ಸರಿ, ನಾನೇ ಶುರು ಮಾಡುತ್ತೇನೆ. ಈ ಭಾನುವಾರವಲ್ಲ, ಮುಂದಿನದು. ಲೋಹಗಡ. ಬೆಳಗಿನ ಮೊದಲ ಲೋಕಲ್‌ಗೆ ಶಿವಾಜಿನಗರ ಸ್ಟೇಷನ್ನಿನಲ್ಲಿ ಸೇರೋಣ. ದುಡ್ಡಿಲ್ಲ, ಅವರವರ ಟಿಕೆಟ್ ಅವರವರದು. ಹತ್ತು ಜನಕ್ಕಿಂತ ಜಾಸ್ತಿ ಬೇಡ. ಮೂರು ಲೀಟರ್ ನೀರು ಇಲ್ಲದವರನ್ನು ರೈಲು ಹತ್ತಿಸುವುದಿಲ್ಲ. ನನ್ನ ರೂಮ್‌ಮೇಟ್ ಈ ಸಲ ಐದು ಲೀಟರ್ ತರುತ್ತಾನಂತೆ, ಎರಡು ಆ ಎಮ್ಮೆ ಕಾಯುವ ಅಜ್ಜನಿಗೆ ಅಂದ. ಅಜ್ಜ ಇರೋದು ಬೇರೆ ಗುಡ್ಡದಲ್ಲಿ ಕಣೋ ಅಂದೆ.


ವಿಜಯಪುರದ ಕಾಕಾ

ನಾನು ಬರುತ್ತೇನೆ. ಕಡಕ್ ರೊಟ್ಟಿ ನನ್ನದು. ಭಾಭಿ, ನಿಮ್ಮ ಮಾತು ಸರಿ, ನನಗೆ ಹೊಳೆದಿರಲಿಲ್ಲ.


ಹಿಂದಿನ ಬಾಲ

ನಾನೂ ಬರುತ್ತೇನೆ. ಜಾಗ ಗೊತ್ತಲ್ಲ, ಕೊನೆಯಲ್ಲಿ.


ಬೀದರ್ ಭಾಭಿ

ಅತ್ತೆಗೆ ಓದಿ ಹೇಳಿದೆ. ರಿಕ್ಷಾ ಬೇಡವಂತೆ, ಮಳವಲಿಯಿಂದ ನಡೆದೇ ಬರುತ್ತಾರಂತೆ. ಎಲ್ಲರಿಗಿಂತ ನಿಧಾನ ಇರುವವರು ಮುಂದೆ ಅಂದಿದ್ದಕ್ಕೆ ಮಾತ್ರ ಸಿಟ್ಟಾಗಿದ್ದಾರೆ. ಆ ಕುಂದಾಪುರದ ಹುಡುಗ ಮುಂದೆ ಇರಲಿ, ನಾನು ಅವನ ಹಿಂದೆ ಬರ್ತೀನಿ, ಹೊಲಿಗೆ ಸೂಜಿ ದಾರ ತರ್ತೀನಿ ಅಂತ ಹೇಳು ಅಂದರು.